ಮೀನು ಬಾಯಿ ತೆರೆದದ್ದು ಹಸಿವಿಗಲ್ಲ

ಗೋಧಿ ಹಿಟ್ಟು ನೀರಿನಲ್ಲಿ ಎರಡು ದಿನ ನೆನೆದು ಕುಳಿತರೆ ಒಂದು ವಾಸನೆ ಬರುತ್ತದೆ. ಮೊದಲು ಹುಳಿ, ಆಮೇಲೆ ಹಳೆಯ ಒರಸುಬಟ್ಟೆಯ ವಾಸನೆ. ಅಡುಗೆಮನೆಯಲ್ಲಿ ಹಾಗೆ ನಾರಿದರೆ ನಾವು ಪಾತ್ರೆಯನ್ನು ಬಚ್ಚಲಿಗೆ ಸುರಿದು ಎರಡು ಸಲ ತಿಕ್ಕಿಡುತ್ತೇವೆ. ಒಂದು ಕೆರೆಗೆ ಕೆರೆಯೇ ಹಾಗೆ ನಾರಿದರೆ ಏನು ಮಾಡಬೇಕು? ಮುಂಬಯಿಯ ಜೋಗೇಶ್ವರಿಯಲ್ಲಿ ಅದರ ಸುತ್ತ ಬಣ್ಣದ ದೀಪ ಹಾಕುತ್ತಾರೆ.

ಕಳೆದ ತಿಂಗಳು ಅಲ್ಲಿಯ ಹಳೆಯ ನೆರೆಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಸಾಂತಾಕ್ರೂಜಿನ ಈಗಿನ ಮನೆಗೆ ಹೊರಟು ನಿಂತವಳನ್ನು ಮಳೆ ಹಿಡಿಯಿತೆಂದು ಅವರು ಅಲ್ಲೇ ಉಳಿಸಿಕೊಂಡರು. ಬೆಳಗ್ಗೆ ಆರಕ್ಕೆ ಮುಂಚೆ ಎಚ್ಚರವಾಗಿ ಬಾಲ್ಕನಿಗೆ ಬಂದರೆ ಅದೇ ವಾಸನೆ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ. ಅಲ್ಲಿ ನಾನೇನು ಮಾಡಿದೆನೆಂದು ಕೊನೆಗೆ ಹೇಳುತ್ತೇನೆ. ಲಾಕ್‌ಡೌನ್ ಮುಗಿದ ಮರುವರ್ಷದ ಆ ಮಳೆಗಾಲವನ್ನು ಮೊದಲು ಹೇಳದಿದ್ದರೆ ಅದು ಯಾರಿಗೂ ಅರ್ಥವಾಗುವುದಿಲ್ಲ.

ಆಗ ನಾವು ಆ ತಲಾವಿನ ಎದುರಿನ ಬಿಲ್ಡಿಂಗಿನಲ್ಲೇ ಇದ್ದೆವು. ಕೆರೆ ಎಂಬ ಮಾತು ನಮ್ಮ ಬಾಯಲ್ಲೂ ಬರುತ್ತಿರಲಿಲ್ಲ, ತಲಾವ್ ಎಂದೇ ಅನ್ನುತ್ತಿದ್ದೆವು. ಒಂದು ಕಡೆ ನಮ್ಮಂಥವರ ಬಿಲ್ಡಿಂಗುಗಳು, ಇನ್ನೊಂದು ಕಡೆ ಸಾಲುಕೋಣೆಗಳ ಚಾಳು, ಹಿಂದುಗಡೆ ನಟ್ಟು ಬೋಲ್ಟು ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳು. ನಡುವೆ ಆ ನೀರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದಕ್ಕೆ ಮಣ್ಣಿನ ದಂಡೆ ಇತ್ತು, ಒಂದು ಬದಿಗೆ ಕಲ್ಲಿನ ಮೆಟ್ಟಿಲು, ನೀರೊಳಗೆ ಕೂದಲಿನಂತೆ ಅಲುಗಾಡುವ ಹಸಿರು ಜೊಂಡು. ಆಮೇಲೆ ಸುಂದರೀಕರಣ ಬಂತು. ಮೆಟ್ಟಿಲು ಒಡೆದರು, ಜೊಂಡನ್ನು ಲಾರಿಗಟ್ಟಲೆ ಕಿತ್ತು ಸಾಗಿಸಿದರು, ಸುತ್ತ ಸಿಮೆಂಟಿನ ಗೋಡೆ ಎತ್ತಿ ಅದಕ್ಕೆ ಬಚ್ಚಲುಮನೆಯ ಟೈಲ್ಸ್ ಹಚ್ಚಿದರು. ನಡುನೀರಿನಲ್ಲಿ ಒಂದು ಕಾರಂಜಿ ನಿಲ್ಲಿಸಿದರು, ಕೆಂಪು ನೀಲಿ ಹಸಿರು ದೀಪದ್ದು. ಉದ್ಘಾಟನೆಯ ದಿನ ಎಲ್ಲರಿಗೂ ಪೇಡೆ ಹಂಚಿದರು. ನಾನೂ ತಿಂದೆ. ನೀರು ಸ್ವಚ್ಛವಾಗಿ ಕಾಣುತ್ತಿದೆ ಎಂದು ನಮ್ಮೆಜಮಾನರಿಗೆ ಫೋನು ಮಾಡಿ ಹೇಳಿದ್ದೂ ನೆನಪಿದೆ.

ತಲಾವಿನ ವಾಚ್‌ಮನ್ ನಿಂಗಪ್ಪ ಬಾಗಲಕೋಟೆ ಕಡೆಯವರು. ಗೇಟಿನ ಪಕ್ಕದ ಪಂಪ್‌ರೂಮಿನಲ್ಲಿ ಮೋಟಾರಿನ ಹಿಂದೆ ಒಂದು ಮಂಚ, ಒಂದು ಒಲೆ ಇಟ್ಟುಕೊಂಡು ಅವರೂ ಅವರ ಹೆಂಡತಿ ಮಲ್ಲವ್ವನೂ ಸಂಸಾರ ಮಾಡಿಕೊಂಡಿದ್ದರು. ಮಲ್ಲವ್ವ ಸುತ್ತಲಿನ ವಾಕಿಂಗ್ ಹಾದಿ ಗುಡಿಸುತ್ತಿದ್ದಳು. ಅವಳು ಯಾರೊಡನೆಯೋ ಫೋನಿನಲ್ಲಿ "ಹೂಂ ಯವ್ವಾ" ಅನ್ನುವುದು ಕಿವಿಗೆ ಬಿದ್ದು ನಾನೇ ಹೋಗಿ ಮಾತಾಡಿಸಿದ್ದೆ. ಮುಂಬಯಿಯಲ್ಲಿ ಕನ್ನಡ ಕೇಳಿದರೆ ನಮ್ಮಂಥವರು ಹಾಗೆಯೇ, ಊರು ಜಾತಿ ಕೇಳುವ ಮೊದಲೇ ಹಲ್ಲು ಕಿರಿಯುತ್ತೇವೆ. ಆದರೆ ನನ್ನದು ಮೈಸೂರಿನ ಕನ್ನಡ, ಅದೂ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಅರ್ಧ ಸವೆದದ್ದು. ನಿಂಗಪ್ಪನವರ ಮಾತಿನಲ್ಲಿ ಹತ್ತಕ್ಕೆ ಎರಡು ನನ್ನ ತಲೆಗೆ ಹೋಗುತ್ತಿರಲಿಲ್ಲ. ಕೇಳಲು ನಾಚಿಕೆಯಾಗಿ ಸುಮ್ಮನೆ ನಗುತ್ತಿದ್ದೆ.

ಅವರ ಅಪ್ಪ ಕೃಷ್ಣೆಯಲ್ಲಿ ಬಲೆ ಬೀಸುತ್ತಿದ್ದವರಂತೆ. ಮೀನಿನ ಹೆಸರುಗಳನ್ನು ನನಗೆ ಕಲಿಸಿದ್ದು ನಿಂಗಪ್ಪನವರೇ. ಮಂಡೆ ದಪ್ಪನೆಯದು ಕಾಟ್ಲಾ, ಕೆಂಪು ರೆಕ್ಕೆಯದು ರೋಹು, ಎಲ್ಲೆಂದರಲ್ಲಿ ಹುಟ್ಟುವ ಅಗಲದ್ದು ಜಿಲೇಬಿ, ಕೆಸರಿನಲ್ಲಿ ಮೀಸೆ ಬಿಟ್ಟುಕೊಂಡು ಕುಳಿತಿರುವುದು ಮಾಗುರ್. ಕಾಟ್ಲಾಗಳಲ್ಲಿ ಒಂದಕ್ಕೆ ಬೆನ್ನ ಮೇಲೆ ಬಿಳಿ ಮಚ್ಚೆ ಇತ್ತು. ಅದನ್ನು ಅವರು ಗೌಡರು ಎಂದು ಕರೆಯುತ್ತಿದ್ದರು, ಯಾಕೆಂದರೆ ಅದು ಯಾವಾಗಲೂ ಎಲ್ಲರಿಗಿಂತ ತಡವಾಗಿ ಬರುತ್ತಿತ್ತು, ಬಂದರೆ ಉಳಿದವು ದಾರಿ ಬಿಡುತ್ತಿದ್ದವು.

ಬರುತ್ತಿದ್ದದ್ದು ಎಲ್ಲಿಗೆ ಅಂದರೆ ನಮ್ಮ ಹಿಟ್ಟಿನ ಉಂಡೆಗೆ. ನಮ್ಮ ಬೆಳಗಿನ ಗುಂಪಿನಲ್ಲಿ ವರ್ಷಾಬೆನ್ ಎಂಬ ಗುಜರಾತಿ ಹೆಂಗಸು ಇದ್ದರು, ಬಹಳ ಒಳ್ಳೆಯವರು, ಇರುವೆಗೆ ಸಕ್ಕರೆ ಹಾಕಿದ ಮೇಲೆಯೇ ಚಹಾ ಕುಡಿಯುವವರು. ಅವರ ಸ್ಟೀಲಿನ ಡಬ್ಬಿಯಲ್ಲಿ ಗೋಧಿ ಹಿಟ್ಟಿನ ಉಂಡೆಗಳು, ಅಳೆದು ಮಾಡಿದ ಹಾಗೆ ಎಲ್ಲ ಒಂದೇ ಗಾತ್ರ. ಮೀನಿಗೆ ಹಿಟ್ಟು ಹಾಕಿದರೆ ಗ್ರಹದೋಷ ಕಳೆಯುತ್ತದೆ, ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂದು ಅವರು ಹೇಳಿದ ಮೇಲೆ ನಾವು ಇಪ್ಪತ್ತು ಜನ ಹೆಂಗಸರು ಇಪ್ಪತ್ತು ಡಬ್ಬಿ ತಂದೆವು. ನನ್ನ ಅಮ್ಮ ತೀರಿಕೊಂಡ ಮರುವರ್ಷ ಅದು. ಮೈಸೂರಿಗೆ ಹೋಗಿ ಬಾಯಿಗೆ ನೀರು ಬಿಡಲು ಲಾಕ್‌ಡೌನ್ ಬಿಟ್ಟಿರಲಿಲ್ಲ. ತೆರೆದ ಬಾಯಿಗೆ ಏನನ್ನಾದರೂ ಹಾಕುವುದರಲ್ಲಿ ನನಗೆ ಒಂದು ಸಮಾಧಾನ ಸಿಗುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ನೆಪವೆಂದು ನೀವು ತಿಳಿದರೂ ಅದು ಸರಿಯೇ.

ಹಿಟ್ಟು ಕಡಿಮೆ ಮಾಡಿ, ನೀರು ಹುಳಿ ಬರುತ್ತದೆ ಎಂದು ನಿಂಗಪ್ಪ ಒಂದೆರಡು ಸಲ ಹೇಳಿದ್ದರು. ವರ್ಷಾಬೆನ್ ಅದಕ್ಕೆ, ವಾಚ್‌ಮನ್ನಿನ ಹೆಂಡತಿಗೆ ಗುಡಿಸುವ ಕೆಲಸ ಹೆಚ್ಚಾಗುತ್ತದಲ್ಲ ಅದಕ್ಕೇ ಎಂದರು. ನಾವು ನಕ್ಕೆವು. ದೋಸೆ ಹಿಟ್ಟು ಒಂದು ದಿನ ಹೊರಗಿಟ್ಟರೆ ಏನಾಗುತ್ತದೆಂದು ಮೂವತ್ತು ವರ್ಷದಿಂದ ಬಲ್ಲ ನಾನೂ ನಕ್ಕೆ.

ಆ ಜುಲೈಯಲ್ಲಿ ಮಳೆ ಒಂದು ವಾರ ಹೊಯ್ದು ನಿಂತಿತು. ಆಮೇಲೆ ಬರೀ ಮೋಡ. ಗಾಳಿಯಿಲ್ಲ, ಹನಿಯಿಲ್ಲ, ಒಣಗಹಾಕಿದ ಬಟ್ಟೆ ಮೂರು ದಿನಕ್ಕೂ ಆರುವುದಿಲ್ಲ, ಅಂಥ ದಿನಗಳು. ಆಗಲೇ ಬೆಳಗಿನ ಜಾವ ನಾಲ್ಕಕ್ಕೆ ಕಾರಂಜಿಯ ಮೋಟಾರು ಸದ್ದು ಮಾಡಲು ಶುರುವಾಯಿತು. ದೀಪವಿಲ್ಲ, ನೋಡುವವರಿಲ್ಲ, ಕತ್ತಲಲ್ಲಿ ನೀರು ಹಾರಿ ಹಾರಿ ಬೀಳುವ ಸಪ್ಪಳ. ಕೆಳಮಹಡಿಯವರು ನಿದ್ದೆಗೆಟ್ಟು ಬೈದರು. ಬೆಳಗ್ಗೆ ಅಲ್ಲಿ ಸೇರುವ ನಗುವ ಕ್ಲಬ್ಬಿನವರು, ಪ್ರಾಣಾಯಾಮಕ್ಕೆ ಭಂಗ ಅಂದರು. ಪಕ್ಕದಲ್ಲಿ ಮೋಟಾರು ಓಡಿದರೆ ಕೆಟ್ಟುಹೋಗುವ ಪ್ರಾಣಾಯಾಮ!

ನಾನು ಕನ್ನಡದವಳೆಂದು ಕೇಳಿಕೊಂಡು ಬರಲು ನನ್ನನ್ನು ಕಳಿಸಿದರು. ನಿಂಗಪ್ಪ ಗೇಟಿನ ಹತ್ತಿರ ನಿಂತು ಆಕಾಶ ನೋಡುತ್ತಿದ್ದರು. ಯಾಕೆ ನಿಂಗಪ್ಪ, ಅಷ್ಟು ಬೇಗ ಮೋಟಾರು ಹಾಕುತ್ತೀರಂತೆ ಎಂದು ಕೇಳಿದೆ. ಅವರು ಹೇಳಿದ ಮಾತು ಅಕ್ಷರ ಅಕ್ಷರವಾಗಿ ನೆನಪಿದೆ.

"ಮಾಡ ಮುಚ್ಚಿದ್ರ ದಮ್ಮ ಹತ್ತತೈತ್ರೀ ಅಕ್ಕಾರ. ನಸುಕಿನ್ಯಾಗ ಭಾಳ ತ್ರಾಸ. ಅದಕ್ಕ ಎದ್ದು ಮೋಟ್ರ ಹಚ್ತೀನಿ. ಸೂರ್ಯಾ ಮ್ಯಾಲ ಬಂದಮ್ಯಾಲ ಆರಾಮ ಆಕ್ಕೈತಿ."

ದಮ್ಮು ಅಂದರೆ ನನಗೆ ಗೊತ್ತಿತ್ತು. ನಮ್ಮ ಚಿಕ್ಕಪ್ಪನಿಗೆ ಇತ್ತು. ಮೋಡ ಕವಿದರೆ ಹೆಚ್ಚಾಗುತ್ತಿತ್ತು, ಬೆಳಗಿನ ಜಾವ ಎದ್ದು ಕೂರುತ್ತಿದ್ದ, ಬಿಸಿಲು ಬಂದ ಮೇಲೆ ಇಳಿಯುತ್ತಿತ್ತು. ಎಲ್ಲ ಸರಿಹೊಂದಿತು. ಅಯ್ಯೋ ಪಾಪ, ಈ ಮನುಷ್ಯನಿಗೆ ಉಬ್ಬಸ, ಮಲಗಲಾಗದೆ ಎದ್ದು ಹೊತ್ತು ಕಳೆಯಲು ಮೋಟಾರು ಹಾಕುತ್ತಾನೆ ಎಂದುಕೊಂಡೆ. ಯಾರಿಗೆ ದಮ್ಮು ಎಂದು ಅವರು ಹೇಳಿರಲಿಲ್ಲ. ಯಾರಿಗೆ ಎಂದು ನಾನು ಕೇಳಲಿಲ್ಲ. ನನಗೆ ಕರುಣೆ ಬಂದುಬಿಟ್ಟಿತ್ತು, ಕರುಣೆ ಬಂದವರಿಗೆ ಕಿವಿ ಎಲ್ಲಿರುತ್ತದೆ?

ಆ ಸಂಜೆ ನಾನೇ ಕಾಗದ ಬರೆದುಕೊಡುತ್ತೇನೆಂದೆ. ನನ್ನ ಇಂಗ್ಲಿಷ್ ಅಕ್ಷರ ಮುತ್ತಿನಂತಿದೆ ಎಂದು ಇಡೀ ಬಿಲ್ಡಿಂಗು ಹೇಳುತ್ತಿತ್ತು. ದೂರು ಕೊಟ್ಟರೂ ಅದು ವಿನಂತಿಯ ಹಾಗೆ ಕೇಳಬೇಕೆಂದು ಸಿಸ್ಟರು ಕಲಿಸಿದ್ದರು, ಹಾಗಾಗಿ ನಾಲ್ಕು ಕಡೆ ಕೈಂಡ್ಲಿ ಹಾಕಿದೆ. ಕಾರಂಜಿಯನ್ನು ಕೈಂಡ್ಲಿ ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಮಾತ್ರ ನಡೆಸಬೇಕು. ವಾಚ್‌ಮನ್ನರು ಉಬ್ಬಸದಿಂದ ನರಳುತ್ತಿದ್ದಾರೆ, ತೇವದ ಪಂಪ್‌ರೂಮಿನ ವಾಸ ಅವರ ಆರೋಗ್ಯಕ್ಕೆ ಒಳ್ಳೆಯದಲ್ಲ, ಕೈಂಡ್ಲಿ ಅವರನ್ನು ಡಾಕ್ಟರಿಗೆ ತೋರಿಸಿ ಹಗುರದ ಕೆಲಸ ಕೊಡಬೇಕು. ನಿವಾಸಿಗಳ ಪರವಾಗಿ ಎಂದು ಬರೆದು ಸಹಿ ಹಾಕಿದೆ. ಓದಿ ನೋಡಿದರೆ ನನಗೇ ಕಣ್ಣು ತುಂಬಿತು. ವರ್ಷಾಬೆನ್ ನನ್ನ ಕೈ ಒತ್ತಿ, ನಿಮ್ಮಂಥವರು ಬೇಕು ಎಂದರು.

ತಲಾವಿನ ನಿರ್ವಹಣೆ ಒಬ್ಬ ಕಂತ್ರಾಟುದಾರನ ಕೈಯಲ್ಲಿತ್ತು. ಅವನ ಸೂಪರ್‌ವೈಸರ್ ಕಾಗದ ಓದಿ ಎರಡೇ ದಿನದಲ್ಲಿ ಕೆಲಸ ಮುಗಿಸಿದ. ಉದ್ಯಾನದಲ್ಲಿ ರೋಗಿಷ್ಠ ವಾಚ್‌ಮನ್ ಬೇಡ. ಡಾಕ್ಟರಿಗೆ ತೋರಿಸಲು ಯಾರಿಗೆ ಪುರುಸೊತ್ತು? ವಿಶ್ರಾಂತಿ ತಗೋ, ಬೇಕಾದಾಗ ಕರೆಯುತ್ತೇವೆ ಎಂದು ಪಂಪ್‌ರೂಮು ಖಾಲಿ ಮಾಡಿಸಿದ. ಸಂಜೆ ಮಾತ್ರ ಓಡುವಂತೆ ಮೋಟಾರಿಗೆ ಟೈಮರ್ ಕೂಡಿಸಿದ. ನಾನು ಅಂಗಡಿಗೆ ಹೋಗಿ ಬರುವಾಗ ನಿಂಗಪ್ಪ ಮಂಚ ಹೊತ್ತುಕೊಂಡು, ಮಲ್ಲವ್ವ ಒಲೆ ಹಿಡಿದುಕೊಂಡು ಚಾಳಿನ ಕಡೆ ಹೋಗುತ್ತಿದ್ದರು. ಎಲ್ಲೋ ಹಗುರದ ಕೆಲಸ ಸಿಕ್ಕಿರಬೇಕೆಂದು ನಾನು ಕೈ ಬೀಸಿದೆ. ಅವರು ಬೀಸಲಿಲ್ಲ, ಎರಡೂ ಕೈಯಲ್ಲಿ ಮಂಚವಿತ್ತಲ್ಲ.

ಮೋಡ ಹಾಗೇ ನಿಂತಿತ್ತು. ಅವರು ಹೋದ ನಾಲ್ಕನೆಯ ದಿನ ಬೆಳಗ್ಗೆ ಹೋದರೆ ನೀರಿನ ಮೇಲೆಲ್ಲ ಬಾಯಿಗಳು. ಸಾವಿರ ಬಾಯಿ, ಒಂದೇ ಸಮ ತೆರೆದು ಮುಚ್ಚಿ ತೆರೆದು ಮುಚ್ಚಿ. ಪುಚ ಪುಚ ಎಂದು ಸಣ್ಣ ಸಪ್ಪಳ ಬೇರೆ, ಮಗು ಚೀಪುವ ಹಾಗೆ. ಗೌಡರೂ ಆ ದಿನ ಬೇಗ ಬಂದಿದ್ದರು. ವರ್ಷಾಬೆನ್ ಕೈಮುಗಿದರು. "ದೇಖೋ, ಮುಂಹ್ ಖೋಲ್ ಕೆ ಮಾಂಗ್ ರಹೇ ಹೈಂ," ಬಾಯಿ ಬಿಟ್ಟು ಬೇಡುತ್ತಿವೆ ನೋಡಿ ಎಂದರು. ಎಲ್ಲರೂ ಮನೆಗೆ ಓಡಿ ಇನ್ನಷ್ಟು ಹಿಟ್ಟು ಕಲಸಿ ತಂದರು. ನಾನು ರಾತ್ರಿಯ ಚಪಾತಿಗೆಂದು ಕಲಸಿಟ್ಟ ಹಿಟ್ಟಿನ ಮುದ್ದೆಯನ್ನೇ ತಂದೆ. ಒಂದು ಸಣ್ಣ ವಿಷಯ ನನ್ನ ಕಣ್ಣಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ: ಉಂಡೆ ನೇರವಾಗಿ ಬಾಯಿಯ ಪಕ್ಕದಲ್ಲೇ ಬಿದ್ದರೂ ಯಾವ ಮೀನೂ ಅದನ್ನು ಮುಟ್ಟಲಿಲ್ಲ. ಉಂಡೆಗಳು ಸುಮ್ಮನೆ ಮುಳುಗಿದವು.

ಮರುದಿನ ಬೆಳಗ್ಗೆ ತಲಾವ್ ಬಿಳಿಚಿಕೊಂಡಿತ್ತು. ಸಿಮೆಂಟಿನ ಗೋಡೆಯ ಉದ್ದಕ್ಕೂ ಹೊಟ್ಟೆ ಮೇಲಾದ ಮೀನು. ದೊಡ್ಡವೇ ಮೊದಲು ಹೋಗಿದ್ದವು. ಕಾಟ್ಲಾ, ರೋಹು ಎಲ್ಲ. ಬಿಳಿ ಮಚ್ಚೆಯ ಗೌಡರು ನಾವು ಹಿಟ್ಟು ಹಾಕುವ ಮೂಲೆಯಲ್ಲೇ ಟೈಲ್ಸಿಗೆ ತಲೆ ಆನಿಸಿಕೊಂಡಿದ್ದರು, ಬಾಯಿ ತೆರೆದೇ ಇತ್ತು. ಗೋಣಿಚೀಲಗಳಲ್ಲಿ ತುಂಬಿ ಕಸದ ಗಾಡಿಗೆ ಎಸೆದರು. ವರ್ಷಾಬೆನ್ ಅಳುತ್ತ ಮೂಗಿಗೆ ಸೆರಗು ಹಿಡಿದು ಮನೆಗೆ ಹೋದರು. ಸೂಪರ್‌ವೈಸರ್ ಬಂದು ಒಂದು ನಿಮಿಷ ನೋಡಿ, ಇದು ಕೆಲಸ ಹೋದ ವಾಚ್‌ಮನ್ನನ ಕೆಲಸ, ಸಿಟ್ಟಿಗೆ ಏನೋ ಬೆರೆಸಿದ್ದಾನೆ ಎಂದುಬಿಟ್ಟ. ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಲಿಲ್ಲ. ಸಾಯಿಸಿದವನ ಹೆಸರು ಸಿಕ್ಕ ಮೇಲೆ ನೀರನ್ನು ಕೇಳುವುದೇನು?

ಹತ್ತು ಗಂಟೆಗೆ ಮಲ್ಲವ್ವ ನಮ್ಮ ಬಾಗಿಲಿಗೆ ಬಂದಳು. ಒಳಗೆ ಕರೆದರೆ ಬರಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ನಿಂತೇ ಕೇಳಿದಳು, ನಮ್ಮವರಿಗೆ ದಮ್ಮು ಐತಿ ಅಂತ ಬರೆದವರು ನೀವೇನ್ರೀ ಎಂದು. ಹೌದು, ಅವರೇ ಹೇಳಿದರಲ್ಲ ಮಲ್ಲವ್ವ ಎಂದೆ.

"ಅವರಿಗೆಲ್ಲೀ ದಮ್ಮರೀ? ಸಿಮೆಂಟ್ ಚೀಲ ಹೊತ್ಕೊಂಡು ಮೂರ್ ಮಜಲಾ ಹತ್ತತಾರ. ದಮ್ಮ ಹತ್ತಿದ್ದು ಮೀನಿಗ್ರೀ, ಮೀನಿಗೆ!"

ಅವಳು ಇಳಿದನಿಯಲ್ಲಿ, ದಡ್ಡ ಮಗುವಿಗೆ ಹೇಳುವ ಹಾಗೆ ಹೇಳಿದಳು. ಹೊಳೆ ಹರಿಯುತ್ತದೆ, ಹೊಳೆಯ ಮೀನಿಗೆ ದಮ್ಮಿಲ್ಲ. ಇದು ಕಟ್ಟಿಹಾಕಿದ ನೀರು. ಮೊದಲು ಜೊಂಡು ಬಿಸಿಲಿನಲ್ಲಿ ನೀರಿಗೆ ಉಸಿರು ಬಿಡುತ್ತಿತ್ತು, ಅದನ್ನು ಕಿತ್ತಿರಿ. ಉಳಿದ ಪಾಚಿ ಮೋಡದ ದಿನ ಕೊಡುವುದಕ್ಕಿಂತ ರಾತ್ರಿ ಎಳೆದುಕೊಳ್ಳುವುದೇ ಹೆಚ್ಚು. ತಳದಲ್ಲಿ ಕೊಳೆಯುವ ಹಿಟ್ಟು ಮಿಕ್ಕ ಉಸಿರನ್ನು ತಿನ್ನುತ್ತದೆ. ಬೆಳಗಿನ ಜಾವಕ್ಕೆ ನೀರಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ಕಾರಂಜಿ ಹಾರಿದರೆ ಬೀಳುವ ಹನಿ ಗಾಳಿಯನ್ನು ಒಳಗೆ ಒಯ್ಯುತ್ತದೆ, ಅಷ್ಟೇ ಅವಕ್ಕೆ ಆಸರೆ. ಇದನ್ನೆಲ್ಲ ಅವಳ ಗಂಡ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನಾಲ್ಕಕ್ಕೆ ಎದ್ದು ಸ್ವಿಚ್ಚು ಒತ್ತುತ್ತಿದ್ದರು. ಹಾಗೆ ಮಾಡಲು ಅವರಿಗೆ ಯಾರೂ ಹೇಳಿರಲಿಲ್ಲ, ಅದಕ್ಕೆಂದು ದುಡ್ಡೂ ಕೊಟ್ಟಿರಲಿಲ್ಲ.

ಆ ದಿನ ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಮೀನಿಗೆ ಬೇಕಾದ ಯಂತ್ರವನ್ನು ಮೀನಿನ ನಡುವೆಯೇ ನಿಲ್ಲಿಸಿ, ಅದು ಸಾಯುವ ಹೊತ್ತಿಗೆ ಬೀಗ ಹಾಕಿ, ನಾವು ಫೋಟೋ ತೆಗೆಯುವ ಹೊತ್ತಿಗೆ ಬೀಗ ತೆಗೆಯುವವರ ಮೇಲೆ ಸಿಟ್ಟು. ಪುಣ್ಯವನ್ನು ಉಂಡೆ ಕಟ್ಟಿ ಇನ್ನೊಬ್ಬರ ಉಸಿರಿನೊಳಗೆ ತುರುಕುವವರ ಮೇಲೆ ಸಿಟ್ಟು. ಎಲ್ಲಕ್ಕಿಂತ ಆ ಮುತ್ತಿನ ಅಕ್ಷರಗಳ ಮೇಲೆ.

ಎರಡನೆಯ ಕಾಗದ ಬರೆದೆ. ಇದು ನನ್ನ ತಪ್ಪು, ಆ ಮನುಷ್ಯನಿಗೆ ರೋಗವಿಲ್ಲ, ಅವರೇನೂ ಬೆರೆಸಿಲ್ಲ, ಬೆಳಗಿನ ಜಾವ ಕಾರಂಜಿ ಬೇಕು ಎಂದು. ನಮ್ಮ ಗುಂಪಿನಲ್ಲಿ ಅದಕ್ಕೆ ಒಂದು ಸಹಿಯೂ ಸಿಗಲಿಲ್ಲ. ವರ್ಷಾಬೆನ್ ಮುಖ ಚಿಕ್ಕದು ಮಾಡಿ, ಹಾಗಾದರೆ ನಾವು ಪಾಪ ಮಾಡಿದೆವು ಅನ್ನುತ್ತೀರಾ ಎಂದು ಕೇಳಿದರು. ನಾನು ಜೀವನದಲ್ಲಿ ಮೊದಲ ಸಲ ಒಬ್ಬ ಹಿರಿಯ ಹೆಂಗಸಿಗೆ ಹೌದು ಎಂದೆ. ಅಂದಿನಿಂದ ಅವರು ನನ್ನೊಡನೆ ನಡೆಯಲಿಲ್ಲ. ಸೂಪರ್‌ವೈಸರ್ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಮಹಾನಗರಪಾಲಿಕೆಯ ಕಚೇರಿಗೂ ಒಂದು ಪ್ರತಿ ಕೊಟ್ಟೆ. ಮೂರು ಸಲ ಅಲೆದ ಮೇಲೆ ಅಲ್ಲಿಯ ಗುಮಾಸ್ತ, ಹವಾಮಾನದಿಂದ ಮೀನು ಸತ್ತಿದೆ ಎಂದು ಬರೆದು ಫೈಲು ಮುಚ್ಚಿದೆ, ಇನ್ನೇನು ಬೇಕು ನಿಮಗೆ ಎಂದ. ವಿಷ ಬೆರೆಸಿದ ಆರೋಪ ಅದರಿಂದ ತಾನಾಗಿ ಬಿದ್ದುಹೋಯಿತು. ಕೆಲಸ ವಾಪಸು ಬರಲಿಲ್ಲ.

ನಿಂಗಪ್ಪ ಆಂಟಾಪ್ ಹಿಲ್ ಕಡೆ ಒಂದು ಕಟ್ಟುತ್ತಿರುವ ಬಿಲ್ಡಿಂಗಿಗೆ ಕಾವಲು ಹೋದರು. ಹೊರಡುವ ಮುಂಚೆ ಚಾಳಿಗೆ ಹೋಗಿ ತಪ್ಪಾಯಿತು ಎಂದೆ. ಅವರು ಬಹಳ ಹೊತ್ತು ಚೀಲದ ಬಾಯಿ ಕಟ್ಟುತ್ತಿದ್ದರು.

"ಕೆಟ್ಟದ್ದು ಮಾಡಿದ್ರ ಬೈದು ಹಗರ ಆಕ್ಕಿದ್ನಿ ಅಕ್ಕಾರ," ಎಂದರು. "ನೀವು ಚಲೋ ಮಾಡಾಕ ಹ್ವಾದ್ರಿ. ಬೈಯಾಕೂ ಬರದಂಗ ಮಾಡಿಬಿಟ್ರಿ."

ಇದಾದ ಎರಡು ವರ್ಷಕ್ಕೆ ನಾವು ಸಾಂತಾಕ್ರೂಜಿಗೆ ಬಂದೆವು.

ಈಗ ಕಳೆದ ತಿಂಗಳ ಆ ಬೆಳಗು. ಮೋಡ, ಗಾಳಿಯಿಲ್ಲ. ಟೈಲ್ಸಿನ ಗೋಡೆಗೆ ಬಂದು ಬಗ್ಗಿದರೆ ಮತ್ತೆ ಬಾಯಿಗಳು. ಮೀನೇನೋ ಬೇಕಾದಷ್ಟಿವೆ. ಸರಿಯಾಗಿ ನೋಡಿದೆ. ಕಾಟ್ಲಾ ಇಲ್ಲ, ಕೆಂಪು ರೆಕ್ಕೆ ಒಂದೂ ಇಲ್ಲ. ಮೀಸೆಯ ಮಾಗುರ್‌ಗಳು ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಆರಾಮಾಗಿ ಕೆಳಗೆ ಹೋಗುತ್ತಿದ್ದವು. ಅವಕ್ಕೆ ನೀರು ಹೇಗಿದ್ದರೂ ನಡೆಯುತ್ತದೆ. ಉಸಿರಿಗೆ ಈ ನೀರನ್ನು ನಂಬಿದ ಮೀನುಗಳಲ್ಲಿ ಉಳಿದಿದ್ದವು ಜಿಲೇಬಿಗಳಷ್ಟೇ, ಹಠಮಾರಿಗಳು. ಅವೂ ಈಗ ಗೋಡೆಗೆ ಒರಗಿಕೊಂಡು ಬಾಯಿ ತೆರೆಯುತ್ತಿದ್ದವು. ಗೋಡೆಯ ಬುಡದಲ್ಲಿ ಹೊಸ ಉಂಡೆಗಳು ಮುಳುಗಿ ಕುಳಿತಿದ್ದವು.

ಪಂಪ್‌ರೂಮಿಗೆ ಹೋದೆ. ಹೊಸ ವಾಚ್‌ಮನ್, ಬಿಹಾರದ ಕಡೆಯವನು, ಹಲ್ಲುಜ್ಜುತ್ತಿದ್ದ. ನಡೆದ ರಭಸಕ್ಕೆ ನನಗೂ ಏದುಸಿರು. "ಭೈಯಾ, ದಮ್ ಘುಟ್ ರಹಾ ಹೈ," ಎಂದೆ, ಉಸಿರುಗಟ್ಟುತ್ತಿದೆ ಎಂದು. ಅವನು ಬ್ರಷ್ ಬಿಸಾಕಿ ಒಳಗಿನಿಂದ ಕುರ್ಚಿ ತಂದ. ನೀರಿನ ಬಾಟಲಿ ಕೈಗಿಟ್ಟ. ಆಮೇಲೆ ಬಗ್ಗಿ ನನ್ನ ಮುಖ ನೋಡಿ ಕೇಳಿದ, "ಆಪ್ ಕಾ?"

ನಿಮಗಾ? ಇಷ್ಟೇ. ನಾನು ಅಂದು ಕೇಳದೆ ಹೋದದ್ದು ಇಷ್ಟು ಚಿಕ್ಕ ಪ್ರಶ್ನೆ. ತಲೆಯಾಡಿಸಿ ನೀರಿನ ಕಡೆ ಕೈ ತೋರಿಸಿದೆ. ವಿಷಯ ಹೇಳಿದೆ, ಮೋಟಾರು ಹಾಕು ಎಂದೆ. ಅವನು ಬಗ್ಗಿ ನೋಡಿ ಬಂದ, ಅವನ ಮುಖ ಸಣ್ಣಗಾಗಿತ್ತು. ಹಾಕಬಹುದಿತ್ತು ಆಂಟಿ, ಆದರೆ ಸಾಹೇಬರ ಆರ್ಡರ್ ಇದೆ ಎಂದು ಗೋಡೆ ತೋರಿಸಿದ.

ಸ್ವಿಚ್‌ಬೋರ್ಡಿನ ಮೇಲೆ, ಪ್ಲಾಸ್ಟಿಕ್ಕಿನೊಳಗೆ ಅಂಟಿಸಿ ಮೊಳೆ ಹೊಡೆದ ನನ್ನ ಕಾಗದ. ಬಲಕ್ಕೆ ವಾಲಿದ ಅಕ್ಷರ, ಒಂದು ಚಿತ್ತೂ ಇಲ್ಲ. ನಾಲ್ಕು ಕೈಂಡ್ಲಿ. ನಿಂಗಪ್ಪನವರ ಉಬ್ಬಸದ ಸಾಲುಗಳ ಮೇಲೆ ಯಾರೋ ಗೆರೆ ಎಳೆದಿದ್ದರು, ಅದು ಮುಗಿದ ವಿಷಯವಲ್ಲವೇ. ಕಾರಂಜಿಯ ಸಾಲಿನ ಕೆಳಗೆ ಕೆಂಪು ಶಾಯಿ. ಎರಡನೆಯ ಕಾಗದ ಯಾವ ಗೋಡೆಯ ಮೇಲೂ ಇರಲಿಲ್ಲ.

ಅವನ ಡ್ಯೂಟಿ ರಿಜಿಸ್ಟರ್ ಕೇಳಿ ತೆಗೆದುಕೊಂಡೆ. ಗೋಡೆಯ ಮೇಲಿನ ಕಾಗದ ಬರೆದವಳು ನಾನು, ಅದನ್ನು ನಾನೇ ರದ್ದು ಮಾಡಿದ್ದೇನೆ, ಇಂದಿನ ಮೋಟಾರು ನನ್ನ ಹೊಣೆ ಎಂದು ಬರೆದು, ಹೆಸರು ಫೋನ್ ನಂಬರು ಹಾಕಿ ಸಹಿ ಮಾಡಿದೆ. ಅವನು ಬ್ಯಾಂಕಿನವರ ಹಾಗೆ ರಿಜಿಸ್ಟರ್ ಎತ್ತಿ ಹಿಡಿದು ಎರಡು ಸಹಿಗಳನ್ನೂ ಅಕ್ಷರ ಅಕ್ಷರ ಹೋಲಿಸಿದ. ಆಮೇಲೆ ಟೈಮರಿನ ಮುಚ್ಚಳ ತೆಗೆದು ಸ್ವಿಚ್ಚು ಒತ್ತಿದ.

ನಡುನೀರಿನಲ್ಲಿ ಒಂದು ಕೆಮ್ಮು, ಮತ್ತೊಂದು ಕೆಮ್ಮು, ಆಮೇಲೆ ನೀರು ಎದ್ದಿತು. ಗೋಡೆ ಬಿಟ್ಟು ಬಾಯಿಗಳು ಒಂದೊಂದಾಗಿ ಆ ಕಡೆ ಸರಿದವು.

ಕೆಳಮಹಡಿಯ ಕಿಟಕಿ ಧಡ್ ಎಂದು ತೆರೆಯಿತು. ನಿದ್ದೆಗಣ್ಣಿನ ಒಂದು ಹೆಣ್ಣುದನಿ, ಯಾರು ಹಾಕಿದ್ದು, ಬಂದ್ ಮಾಡಿ ಎಂದಿತು.

"ನಾನು ಹಾಕಿದ್ದು. ಬಂದ್ ಮಾಡುವುದಿಲ್ಲ," ಎಂದೆ. ಈ ಸಲ ಕೈಂಡ್ಲಿ ಅನ್ನಲಿಲ್ಲ.